ತೊಟ್ಟಿಕ್ಕುವ ಗ್ಲ್ಯಾಂಡು, ಸವೆದ ಬ್ರಷ್ಷು

ಪಂಪಿನ ಶಾಫ್ಟಿನ ಬುಡದಲ್ಲಿ ನೀರು ತೊಟ್ಟಿಕ್ಕುವುದನ್ನು ಕಂಡರೆ ನಮ್ಮವರ ಕೈ ಸುಮ್ಮನಿರುವುದಿಲ್ಲ. ಸ್ಪ್ಯಾನರು ಹಿಡಿದು ಗ್ಲ್ಯಾಂಡಿನ ನಟ್ಟುಗಳನ್ನು ಬಿಗಿದೇ ಬಿಡುತ್ತಾರೆ. ಒಂದು ಬೇಸಿಗೆಯಲ್ಲಿ ಹಳ್ಳಿ ಸುತ್ತುವಾಗ ಇದರ ಫಲವನ್ನು ಕಣ್ಣಾರೆ ಕಂಡೆ. ತೆರೆದ ಬಾವಿಗೆ ಐದು ಅಶ್ವಶಕ್ತಿಯ ಪಂಪ್‌ಸೆಟ್ಟು. ಟೊಮೆಟೊ ಕಾಯಿ ಕಚ್ಚುವ ಹೊತ್ತು. ಒಂದು ಹನಿಯೂ ಬೀಳದಂತೆ ಬಿಗಿದಿದ್ದರಿಂದ ಗ್ಲ್ಯಾಂಡಿನ ಹಗ್ಗ ಸುಟ್ಟು, ಶಾಫ್ಟಿನ ಸ್ಲೀವಿನ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೀರು ಬಿದ್ದಿತ್ತು. ಪೇಟೆಯಿಂದ ಸ್ಲೀವು ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಹೂವೆಲ್ಲ ಉದುರಿತ್ತು.

ಆ ಹನಿ ಪೋಲಾಗುವ ನೀರಲ್ಲ. ನಿಮ್ಮ ಮಾನೋಬ್ಲಾಕ್ ಪಂಪು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತದೆ. 25 ಮಿಲಿಮೀಟರು ದಪ್ಪದ ಶಾಫ್ಟಿನ ಮೈ ಹಗ್ಗಕ್ಕೆ ಉಜ್ಜಿಕೊಂಡೇ ಗಂಟೆಗೆ 13 ಕಿಲೋಮೀಟರಿಗೂ ಹೆಚ್ಚು ದೂರ ಓಡಿದಂತಾಯಿತು. ಆ ಉಜ್ಜಾಟದ ಶಾಖವನ್ನು ಹೊತ್ತೊಯ್ಯುವುದೂ, ಹಗ್ಗ ಜಾರುವಂತೆ ಮಾಡುವುದೂ ಅದೇ ಹನಿ. ನಿಮಿಷಕ್ಕೆ 40ರಿಂದ 60 ಹನಿ ಬೀಳಲಿ. ಗಂಟೆಗೆ ಲೆಕ್ಕ ಹಾಕಿದರೆ ಒಂದು ಲೋಟದ ಮಾತು. ಹಗ್ಗವನ್ನು ಸುರುಳಿಯಂತೆ ಸುತ್ತಬೇಡಿ. ಶಾಫ್ಟಿನ ಅಳತೆಗೆ ಬಿಡಿ ಬಿಡಿ ಬಳೆಗಳಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಸಂದಿನ ನೇರಕ್ಕೆ ಬಾರದಂತೆ ಕೂರಿಸಿ.

‘ಹಾಗಾದರೆ ಹನಿಯೇ ಬೀಳದ ಮೆಕ್ಯಾನಿಕಲ್ ಸೀಲು ಹಾಕಿಸಬಾರದೇ?’ ಎಂದು ಕೇಳುವವರಿದ್ದಾರೆ. ಹಾಕಿಸಬಹುದು, ಆದರೆ ಬಾವಿ ನೋಡಿ ಹಾಕಿಸಿ. ಇದರಲ್ಲಿ ನಯಗೊಳಿಸಿದ ಎರಡು ಮುಖಗಳು, ಸಾಮಾನ್ಯವಾಗಿ ಒಂದು ಕಾರ್ಬನ್, ಇನ್ನೊಂದು ಸಿರಾಮಿಕ್, ತೆಳುವಾದ ನೀರಿನ ಪೊರೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ. ನೀರು ತಿಳಿಯಾಗಿದ್ದರೆ ಹಗ್ಗಕ್ಕಿಂತ ಎಷ್ಟೋ ಮೇಲು. ಮರಳು ಬರುವ ಬಾವಿಯಾದರೆ ಎರಡೂ ಮುಖ ಸಿಲಿಕಾನ್ ಕಾರ್ಬೈಡಿನದಾಗಿರಬೇಕು, ಬೆಲೆ ಹೆಚ್ಚು. ಆದರೆ ನೀರಿಲ್ಲದೆ ಓಡಿದರೆ ಯಾವ ಮೆಕ್ಯಾನಿಕಲ್ ಸೀಲೂ ಹೆಚ್ಚು ಹೊತ್ತು ತಾಳುವುದಿಲ್ಲ, ಬಿಸಿಯೇರಿ ಬಿರುಕು ಬಿಡುತ್ತದೆ. ರಾತ್ರಿ ಕರೆಂಟು ಬಂದಾಗ ತಾನೇ ಚಾಲೂ ಆಗಿ, ನೀರು ಕೆಳಗಿಳಿದರೂ ಯಾರೂ ನೋಡದೆ ಓಡುವ ಪಂಪಿಗೆ ಹಳೆಯ ಹಗ್ಗವೇ ಲೇಸೆಂದು ನನ್ನ ಅಭಿಪ್ರಾಯ. ಹೊಸದೆಲ್ಲ ಎಲ್ಲರಿಗೂ ಹೊಂದಬೇಕೆಂದಿಲ್ಲ.

ಅಂಗಡಿಯಲ್ಲಿ ‘ಸೈಜು ಇದೇ, ತಗೊಳ್ಳಿ’ ಎಂದು ಆಯಿಲ್ ಸೀಲು ಕೊಡುವುದೂ ಉಂಟು. ಅದು ಗೇರ್ ಬಾಕ್ಸಿನ ಎಣ್ಣೆ ತಡೆಯುವುದಕ್ಕೆ, ತುಟಿಯ ಸ್ಪ್ರಿಂಗು ಎಣ್ಣೆಯ ಕಡೆಗಿರುವಂತೆ ಕೂರಿಸುವುದಕ್ಕೆ. ಪಂಪಿನ ನೀರಿನ ಒತ್ತಡಕ್ಕೆ ಸಿಕ್ಕರೆ ಅದರ ರಬ್ಬರು ತುಟಿ ಶಾಫ್ಟಿಗೆ ಬಲವಾಗಿ ಒತ್ತಿಕೊಂಡು ಬೇಗ ಸವೆದುಹೋಗುತ್ತದೆ.

ಇದಕ್ಕಿಂತ ಜೋರಾಗಿ ತಿರುಗುವ ಶಾಫ್ಟು ಟ್ರ್ಯಾಕ್ಟರಿನಲ್ಲಿದೆ, ಆಲ್ಟರ್ನೇಟರಿನೊಳಗೆ. ಎಂಜಿನ್ನು 2,000 ಸುತ್ತು ತಿರುಗಿದರೆ ಪುಲ್ಲಿಯ ಲೆಕ್ಕದಲ್ಲಿ ಅದು 4,000ಕ್ಕೂ ಮಿಕ್ಕಿ ತಿರುಗುವುದುಂಟು. ಅದರ ತಾಮ್ರದ ಸ್ಲಿಪ್ ರಿಂಗುಗಳ ಮೇಲೆ ಎರಡು ಪುಟ್ಟ ಕಾರ್ಬನ್ ಬ್ರಷ್ಷುಗಳು ಒರಸುತ್ತ ಒಳಗಿನ ಸುರುಳಿಗೆ ಕರೆಂಟು ಮುಟ್ಟಿಸುತ್ತವೆ. ಎಂಜಿನ್ನು ಓಡುತ್ತಿರುವಾಗ ಚಾರ್ಜಿಂಗ್ ದೀಪ ಆರದಿದ್ದರೆ ಹೊಸ ಬ್ಯಾಟರಿ ಕೊಳ್ಳುವ ಮುನ್ನ ಬೆಲ್ಟನ್ನೂ ಈ ಬ್ರಷ್ಷುಗಳನ್ನೂ ಬಿಚ್ಚಿ ನೋಡಿಸಿ. ಟಾರ್ಚಿನ ಸೆಲ್ಲಿನ ಕಡ್ಡಿ ಉಜ್ಜಿ ಬ್ರಷ್ಷಿನ ಬದಲು ತುರುಕುವ ಜಾಣರನ್ನು ನಾನು ಬಲ್ಲೆ. ನಾಲ್ಕು ದಿನ ದೀಪ ಉರಿದೀತು, ಆಮೇಲೆ ರಿಂಗೇ ಹಾಳು. ಬ್ರಷ್ಷಿನ ಗಡಸುತನವನ್ನೂ ತಾಮ್ರದ ಬೆರಕೆಯನ್ನೂ ಆ ರಿಂಗಿಗೆ ತಕ್ಕಂತೆ ಮಾಡಿರುತ್ತಾರೆ. ಆ ಮಾಡೆಲಿಗೆ ಹೇಳಿದ್ದನ್ನೇ ಹಾಕಿಸಿ. ಹೊಸ ಬ್ರಷ್ಷು ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು. ರಿಂಗು ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರಿನಿಂದ ಒರಸಿ. ಎಮರಿ ಕಾಗದ ಬೇಡ, ಅದರ ಹರಳು ಕೂತು ರಿಂಗನ್ನೂ ಬ್ರಷ್ಷನ್ನೂ ಕೊರೆಯುತ್ತದೆ. ಎಣ್ಣೆ, ಗ್ರೀಸು ಸೋಕಿಸಲೇಬೇಡಿ. ಟ್ರ್ಯಾಕ್ಟರು ತೊಳೆಯುವಾಗ ಪೈಪಿನ ನೀರನ್ನು ಆಲ್ಟರ್ನೇಟರಿನ ಮುಖಕ್ಕೆ ಹಿಡಿಯಬೇಡಿ.

ಬಿಡಿಭಾಗ ತರಲು ಹೋಗುವಾಗ ಬಾಯಿಮಾತಿನ ಅಳತೆ ಸಾಲದು. ಹಳೆಯ ಭಾಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ನಾಮಫಲಕದ ಮೇಲಿನ ಮಾಡೆಲನ್ನೂ ಸುತ್ತಿನ ಸಂಖ್ಯೆಯನ್ನೂ ಬರೆದುಕೊಳ್ಳಿ. ನಿಮ್ಮ ನೀರಿನಲ್ಲಿ ಮರಳುಂಟೋ ಇಲ್ಲವೋ ಎಂಬುದನ್ನು ಅಂಗಡಿಯವರು ಕೇಳದಿದ್ದರೂ ನೀವೇ ಹೇಳಿ. ಪಂಪಿಗೆ ಕೈ ಹಾಕುವ ಮುನ್ನ ಮೇನ್ ಸ್ವಿಚ್ಚು ಆರಿಸಿ, ಫ್ಯೂಸು ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ.