ಆಟಕ್ಕೆ ವಿಂಡೋಸೇ ಬೇಕಿಲ್ಲ, ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ

"ನಿಮ್ ಸಿಸ್ಟಂ ಹಳೇದಾಯ್ತು ಸಾರ್, ವಿಂಡೋಸ್ 11 ಕೂರಲ್ಲ. ಹೊಸದೇ ತಗೊಂಡ್ಬುಡಿ."

ಚಾಮರಾಜನಗರದಲ್ಲಾಗಲಿ, ಗುಂಡ್ಲುಪೇಟೆಯಲ್ಲಾಗಲಿ, ಹಳೇ ಕಂಪ್ಯೂಟರ್ ಹೊತ್ತುಕೊಂಡು ಅಂಗಡಿಗೆ ಹೋದವರಿಗೆ ಈ ಮಾತು ಹೊಸದಲ್ಲ. "ಹಂಗಾದ್ರೆ ಲಿನಕ್ಸ್ ಹಾಕ್ಕೊಡಿ" ಎಂದು ಯಾರಾದರೂ ಕೇಳಿದರೆ ಇನ್ನೊಂದು ಮಾತು ಸಿದ್ಧವಾಗಿರುತ್ತದೆ: "ಅದ್ರಲ್ಲಿ ಗೇಮ್ ಆಡಕ್ಕಾಗಲ್ಲ, ಹುಡುಗ್ರು ಬೇಡ ಅಂತಾರೆ."

ಮೊದಲನೆಯ ಮಾತು ಅರ್ಧ ನಿಜ. ಎರಡನೆಯದು ಹತ್ತು ವರ್ಷದ ಹಿಂದೆ ನಿಜವಾಗಿತ್ತು, ಇವತ್ತು ಬಹುಪಾಲು ಸುಳ್ಳು. ಈ ಎರಡು ಮಾತು ಸೇರಿ ನಮ್ಮ ಊರುಗಳ ಚೆನ್ನಾಗಿರುವ ಕಂಪ್ಯೂಟರುಗಳನ್ನು ಗುಜರಿಗೆ ಕಳಿಸುತ್ತಿವೆ. ಅದಕ್ಕೇ ನಾವು ಇದನ್ನು ಬರೆಯುತ್ತಿದ್ದೇವೆ.

ಆಗಿರುವುದು ಇಷ್ಟು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ನೋಂದಾಯಿಸಿಕೊಂಡವರಿಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂದು ಒಂದಿಷ್ಟು ಉಸಿರಾಡಲು ಬಿಟ್ಟಿದೆ, ಅಷ್ಟೇ. ವಿಂಡೋಸ್ 11 ಹಾಕಬೇಕೆಂದರೆ ಟಿಪಿಎಂ 2.0 ಎಂಬ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2017ಕ್ಕಿಂತ ಹಿಂದಿನ ಬಹುತೇಕ ಯಂತ್ರಗಳು ಇದರಲ್ಲೇ ಹೊರಬಿದ್ದವು. ನಮ್ಮ ಹಳ್ಳಿ ಮನೆಗಳಿಗೆ ಮೈಸೂರು, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದು ಕೂತಿರುವುದು ಹೆಚ್ಚಾಗಿ ಇಂಥವೇ. ಪರದೆ ಸರಿಯಿದೆ, ಕೀಬೋರ್ಡ್ ಸರಿಯಿದೆ, ಪ್ರೊಸೆಸರ್ ಸರಿಯಿದೆ. ಕೆಟ್ಟಿರುವುದು ಕಂಪನಿಯ ಮನಸ್ಸು ಮಾತ್ರ.

ಇಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್, ಉಬುಂಟು ಮುಂತಾದ ಆಪರೇಟಿಂಗ್ ಸಿಸ್ಟಂ ಪುಕ್ಕಟೆ ಸಿಗುತ್ತವೆ. ಹಾಗಿದ್ದೂ ಹುಡುಗರು ಯಾಕೆ ಬೇಡ ಅನ್ನುತ್ತಾರೆ? ಆಟದ ಕಾರಣಕ್ಕೆ. ಬೇರೆಲ್ಲ ಕೆಲಸಕ್ಕೂ ದಾರಿ ಸಿಕ್ಕ ಮೇಲೂ ಉಳಿದುಕೊಂಡಿದ್ದ ಬೀಗ ಅದು. ಆ ಬೀಗ ಹೇಗೆ ಬಿತ್ತು, ಹೇಗೆ ಮುರಿಯಿತು ಎನ್ನುವುದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಯಾರೂ ನಮ್ಮನ್ನು ಯಾಮಾರಿಸಲು ಆಗುವುದಿಲ್ಲ.

ನಡುವೆ ಒಬ್ಬ ದುಭಾಷಿ

ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂ ಕೇರಳಕ್ಕೆ ಹೋಗುತ್ತದೆ. ಕೊಳ್ಳಲು ಬಂದವರಿಗೆ ಮಲಯಾಳಂ, ಬೆಳೆದವರಿಗೆ ಕನ್ನಡ. ಎರಡೂ ಗೊತ್ತಿರುವವರೊಬ್ಬರು ನಡುವೆ ನಿಂತು ಹೇಳಿದರೆ ವ್ಯಾಪಾರ ಕುದುರುತ್ತದೆ. ಅದಕ್ಕಾಗಿ ಬೆಳೆದವರು ಮಲಯಾಳಂ ಶಾಲೆಗೆ ಸೇರಬೇಕಿಲ್ಲ, ಕೊಳ್ಳುವವರು ಊರು ಬದಲಿಸಬೇಕಿಲ್ಲ.

ವಿಂಡೋಸ್‌ಗೆಂದು ಬರೆದ ಆಟ ವಿಂಡೋಸ್ ಭಾಷೆಯಲ್ಲಿ ಮಾತ್ರ ಕೇಳುತ್ತದೆ: ಈ ಫೈಲ್ ತೆರೆ, ಈ ಚಿತ್ರ ಬಿಡಿಸು, ಈ ಸದ್ದು ಮಾಡು. ಲಿನಕ್ಸ್‌ಗೆ ಆ ಭಾಷೆ ಬರುವುದಿಲ್ಲ. 1993ರಲ್ಲಿ ಶುರುವಾದ ವೈನ್ ಎಂಬ ತಂತ್ರಾಂಶ ಈ ಇಬ್ಬರ ನಡುವಿನ ದುಭಾಷಿ. ಆಟ ಕೇಳಿದ್ದನ್ನು ಲಿನಕ್ಸ್‌ಗೆ ತಿಳಿಯುವಂತೆ ಹೇಳುತ್ತದೆ. 15 ವರ್ಷ ದುಡಿದು 2008ರಲ್ಲಿ ಅದರ 1.0 ಆವೃತ್ತಿ ಬಂತು. ಬರೆದವರಲ್ಲಿ ಸಂಬಳವಿಲ್ಲದೆ ದುಡಿದವರೂ ಬಹಳ ಮಂದಿ.

ಚಿತ್ರ ಬಿಡಿಸುವ ಕೆಲಸವೇ ಕಷ್ಟದ್ದು. ವಿಂಡೋಸ್ ಆಟಗಳು ಡೈರೆಕ್ಟ್‌ಎಕ್ಸ್ ಎಂಬ ಮೈಕ್ರೋಸಾಫ್ಟ್ ವ್ಯವಸ್ಥೆಯನ್ನು ನಂಬಿಕೊಂಡಿವೆ. ಅದನ್ನು ಎಲ್ಲರಿಗೂ ಮುಕ್ತವಾಗಿರುವ ವಲ್ಕನ್ ವ್ಯವಸ್ಥೆಗೆ ಬದಲಿಸುವ ಡಿಎಕ್ಸ್‌ವಿಕೆಯನ್ನು ಬರೆದವರು ಫಿಲಿಪ್ ರೆಬೋಲೆ. ನಿಯರ್ ಆಟೊಮೇಟಾ ಎಂಬ ಆಟವನ್ನು ಲಿನಕ್ಸ್‌ನಲ್ಲಿ ಆಡಬೇಕು ಎಂಬ ಆಸೆಯೇ ಅದಕ್ಕೆ ಕಾರಣ. ಆಟ ಆಡುವವರು ಕೆಲಸಕ್ಕೆ ಬಾರದವರು ಎಂದು ಬೈಯುವ ಹಿರಿಯರು ಇದನ್ನು ಎರಡು ಸಲ ಓದಲಿ.

2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಇವೆರಡನ್ನೂ ಸೇರಿಸಿ ಪ್ರೋಟಾನ್ ಎಂಬ ಹೆಸರಲ್ಲಿ ತನ್ನ ಸ್ಟೀಮ್ ಅಂಗಡಿಯೊಳಗೇ ಇಟ್ಟಿತು. ಅಲ್ಲಿಂದ ಲಿನಕ್ಸ್‌ನಲ್ಲಿ ವಿಂಡೋಸ್ ಆಟ ಹಾಕಿಕೊಳ್ಳುವುದು ಬಟನ್ ಒತ್ತಿದಷ್ಟು ಸುಲಭವಾಯಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರ ಓಡುವುದೂ ಲಿನಕ್ಸ್ ಮೇಲೆಯೇ. ವಾಲ್ವ್ ಇದನ್ನು ಧರ್ಮಕ್ಕೆ ಮಾಡಲಿಲ್ಲ. ಮೈಕ್ರೋಸಾಫ್ಟ್ ತನ್ನದೇ ಆ್ಯಪ್ ಅಂಗಡಿ ತೆರೆದಾಗ ಇವರಿಗೆ ತಮ್ಮ ವ್ಯಾಪಾರದ ಭಯ ಹುಟ್ಟಿತು. ಸ್ಟೀಮ್ ಕೂಡ ಒಂದು ದೊಡ್ಡ ಜಮೀನ್ದಾರಿಕೆಯೇ. ಇಬ್ಬರು ಜಮೀನ್ದಾರರ ಜಗಳದಲ್ಲಿ ನಮಗೊಂದು ಕಾಲುದಾರಿ ಸಿಕ್ಕಿದೆ. ದಾರಿ ಸಿಕ್ಕಾಗ ನಡೆಯಬೇಕು.

ನಿಮ್ಮ ಕೈಯಲ್ಲಿರುವುದೂ ಅದೇ

"ಲಿನಕ್ಸ್ ಇಂಜಿನಿಯರುಗಳಿಗೆ" ಎನ್ನುವವರು ತಮ್ಮ ಆಂಡ್ರಾಯ್ಡ್ ಫೋನ್ ನೋಡಿಕೊಳ್ಳಲಿ. ಆಂಡ್ರಾಯ್ಡ್‌ನ ತಿರುಳೇ ಲಿನಕ್ಸ್. ಬೆಳಿಗ್ಗೆ ಎದ್ದು ವಾಟ್ಸಾಪ್ ನೋಡುವ ಅಜ್ಜಿಯೂ ಲಿನಕ್ಸ್ ಬಳಸುತ್ತಿದ್ದಾರೆ.

ವಿನ್‌ಲೇಟರ್ ಎಂಬ ಆ್ಯಪ್ ಇದೇ ವೈನನ್ನು ಫೋನಿಗೂ ತಂದಿದೆ. ಕಂಪ್ಯೂಟರ್ ಪ್ರೊಸೆಸರಿನ ಸೂಚನೆಗಳನ್ನು ಫೋನಿನ ಪ್ರೊಸೆಸರಿಗೆ ಬದಲಿಸುವ ಬಾಕ್ಸ್64 ಅದರ ಜೊತೆಗಿದೆ. ಹಳೆಯ ವಿಂಡೋಸ್ ಆಟಗಳು ಒಳ್ಳೆಯ ಫೋನಿನಲ್ಲಿ ಓಡುತ್ತವೆ. ಆದರೆ ಅದರ ಹೆಸರಲ್ಲಿ ನಕಲಿ ವೆಬ್‌ಸೈಟುಗಳಿವೆ. ಬರೆದವರ ಗಿಟ್‌ಹಬ್ ಪುಟ ಬಿಟ್ಟು ಬೇರೆಲ್ಲೂ ಇಳಿಸಿಕೊಳ್ಳಬೇಡಿ.

ಉಳಿದ ಬೀಗ ಬೇಕೆಂದೇ ಹಾಕಿದ್ದು

ನಡೆಯದ ಆಟಗಳಿವೆ. ವ್ಯಾಲೊರಂಟ್ ನಡೆಯುವುದಿಲ್ಲ, ಫೋರ್ಟ್‌ನೈಟ್ ನಡೆಯುವುದಿಲ್ಲ. ಕಾರಣ ಮೋಸ ತಡೆಯುವ ತಂತ್ರಾಂಶ. ಆನ್‌ಲೈನ್ ಆಟದಲ್ಲಿ ಮೋಸ ತಡೆಯಬೇಕು, ಒಪ್ಪುತ್ತೇವೆ. ಆದರೆ ಇಲ್ಲೊಂದು ಕತೆಯಿದೆ. ಈಸಿ ಆಂಟಿ ಚೀಟ್, ಬ್ಯಾಟಲ್‌ಐ ಎಂಬ ಎರಡು ದೊಡ್ಡ ತಂತ್ರಾಂಶಗಳು 2021ರಲ್ಲೇ ಪ್ರೋಟಾನ್ ಜೊತೆ ಕೆಲಸ ಮಾಡಲು ತಯಾರಾದವು. ಆಟ ಮಾಡಿದವರು ಒಪ್ಪಿಗೆ ಕೊಡುವುದಷ್ಟೇ ಬಾಕಿ. ಈಸಿ ಆಂಟಿ ಚೀಟ್‌ನ ಒಡೆತನ ಎಪಿಕ್ ಕಂಪನಿಯದ್ದು, ಫೋರ್ಟ್‌ನೈಟ್‌ನ ಒಡೆತನವೂ ಎಪಿಕ್‌ದೇ. ಮನೆಯೂ ತನ್ನದು, ಬೀಗದ ಕೈಯೂ ತನ್ನದು, ಆದರೂ ಬಾಗಿಲು ತೆಗೆಯುವುದಿಲ್ಲ.

ಇದಕ್ಕಿಂತ ಕೆಟ್ಟದ್ದು ತೆರೆದ ಬಾಗಿಲನ್ನು ಮುಚ್ಚುವುದು. ಜಿಟಿಎ 5ರ ಆನ್‌ಲೈನ್ ಭಾಗ ಲಿನಕ್ಸ್‌ನಲ್ಲಿ ನಡೆಯುತ್ತಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿಸಿ, ಲಿನಕ್ಸ್‌ಗೆ ಒಪ್ಪಿಗೆ ಕೊಡದೆ ಅದನ್ನು ನಿಲ್ಲಿಸಿದರು. ಕತೆಯ ಭಾಗವನ್ನು ಈಗಲೂ ಆಡಬಹುದು. ಮುಂದಿನ ತಿಂಗಳೇ ಏಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನವರನ್ನು ಹೊರಗಟ್ಟಿತು. ಲಿನಕ್ಸ್‌ನಿಂದ ಮೋಸಗಾರರು ಬರುತ್ತಾರೆ ಎಂಬುದು ಅವರ ವಾದ. ವಿಂಡೋಸ್‌ನಲ್ಲಿ ಮೋಸಗಾರರಿಲ್ಲವೇ? ಕಾಸು ಕೊಟ್ಟು ಆಟ ಕೊಂಡವರನ್ನು ಕೊಂಡ ಮೇಲೆ ಹೊರಗೆ ಹಾಕುವುದಕ್ಕೆ ನಮ್ಮ ಸಂತೆಯಲ್ಲಿ ಬೇರೆ ಹೆಸರಿದೆ.

ಚೌಕಾಬಾರದ ಮನೆಯನ್ನು ನಾವು ಸೀಮೆಸುಣ್ಣದಲ್ಲಿ ಯಾವ ಜಗಲಿಯ ಮೇಲೆ ಬೇಕಾದರೂ ಬರೆಯುತ್ತೇವೆ. ಕವಡೆ ಇಲ್ಲದಿದ್ದರೆ ಹುಣಸೆಬೀಜ ತೇಯ್ದುಕೊಳ್ಳುತ್ತೇವೆ. ಇಂಥ ಕಂಪನಿಯ ಜಗಲಿಯೇ ಆಗಬೇಕು ಎಂದು ಯಾರೂ ಹೇಳಲಿಲ್ಲ. ಕಂಪ್ಯೂಟರ್ ಆಟಕ್ಕೂ ನಾವು ಕೇಳುತ್ತಿರುವುದು ಇಷ್ಟನ್ನೇ.

"ಕ್ರ್ಯಾಕ್ ಹಾಕ್ಕೊಂಡ್ರಾಯ್ತು ಬುಡಿ"

ಕೆಲವರು ಹೀಗನ್ನುತ್ತಾರೆ. ಕಳ್ಳ ವಿಂಡೋಸ್, ಅದರ ಮೇಲೆ ಕಳ್ಳ ಆಟ, ಪೆನ್‌ಡ್ರೈವ್‌ನಲ್ಲಿ ಊರೆಲ್ಲ ಸುತ್ತುತ್ತದೆ. ಕಂಪನಿಗೆ ನಷ್ಟವಾಗುತ್ತದೆ ಎಂಬ ಚಿಂತೆ ನಮಗಿಲ್ಲ. ನಷ್ಟ ನಮ್ಮದು. ಕ್ರ್ಯಾಕ್ ಓಡಿಸುವ ಮೊದಲು "ಆಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಇರುತ್ತದಲ್ಲ, ಮನೆಗೆ ಬರುವವನು ನಾಯಿ ಕಟ್ಟಿಹಾಕು ಎಂದು ಮೊದಲೇ ಹೇಳಿ ಕಳಿಸಿದ ಹಾಗೆ ಅದು. ಅದೇ ಕಂಪ್ಯೂಟರಿನಲ್ಲಿ ಅಕ್ಕನ ಸ್ಕಾಲರ್‌ಶಿಪ್ ಅರ್ಜಿ, ಅಪ್ಪನ ಬ್ಯಾಂಕ್ ಪಾಸ್‌ವರ್ಡ್ ಇರುತ್ತವೆ.

ಕಾಸಿಲ್ಲದವರಿಗೂ ದಾರಿಯಿದೆ. ಕೌಂಟರ್ ಸ್ಟ್ರೈಕ್ 2, ಡೋಟಾ 2 ಎರಡನ್ನೂ ಪುಕ್ಕಟೆ ಆಡಬಹುದು, ಎರಡಕ್ಕೂ ಲಿನಕ್ಸ್ ಆವೃತ್ತಿಯೇ ಇದೆ. ಸೂಪರ್ ಟಕ್ಸ್ ಕಾರ್ಟ್, 0 ಎ.ಡಿ. ಪೂರ್ತಿ ಮುಕ್ತ ಆಟಗಳು. ಎಪಿಕ್ ಅಂಗಡಿ ಆಗಾಗ ಪುಕ್ಕಟೆ ಕೊಡುವ ಆಟಗಳನ್ನು ಹೀರೊಯಿಕ್ ಎಂಬ ತಂತ್ರಾಂಶದಿಂದ ಲಿನಕ್ಸ್‌ಗೆ ತಂದುಕೊಳ್ಳಬಹುದು.

ತೊಡಕುಗಳನ್ನೂ ಹೇಳಿಬಿಡುತ್ತೇವೆ. ಇಂಟೆಲ್ ನಾಲ್ಕನೇ ತಲೆಮಾರು ಅಥವಾ ಅದಕ್ಕಿಂತ ಹಳೆಯ ಯಂತ್ರದಲ್ಲಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ, ವಲ್ಕನ್ ಸರಿಯಾಗಿ ಸಿಗುವುದಿಲ್ಲ. ಅಲ್ಲಿ ವೈಸ್ ಸಿಟಿ, ಕೌಂಟರ್ ಸ್ಟ್ರೈಕ್ 1.6 ಕಾಲದ ಆಟಕ್ಕೆ ತೃಪ್ತಿಪಡಬೇಕು. ದೊಡ್ಡ ಆಟ 50, 100 ಜಿಬಿ ಇರುತ್ತದೆ, ಫೋನ್ ಹಾಟ್‌ಸ್ಪಾಟ್ ನಂಬಿದವರು ಅದರ ಸಹವಾಸಕ್ಕೆ ಹೋಗದಿರುವುದು ಒಳ್ಳೆಯದು. ನಿಮಗೆ ಬೇಕಾದ ಆಟ ಹೇಗೆ ನಡೆಯುತ್ತದೆ ಎಂಬುದನ್ನು ಆಡಿದವರೇ ಪ್ರೋಟಾನ್‌ಡಿಬಿ ವೆಬ್‌ಸೈಟಿನಲ್ಲಿ ಬರೆದಿರುತ್ತಾರೆ. ಮೊದಲು ಅಲ್ಲಿ ನೋಡಿ.

ಕಾಡಿನಾಚೆ ಮಾಡಿ ತೋರಿಸಿದ್ದಾರೆ

"ಆಟದ ಮಾತು ಬಿಡಿ, ಮಕ್ಕಳು ಓದಲಿ" ಎನ್ನುವವರಿಗೆ ಬಂಡೀಪುರದಾಚೆಯ ಉದಾಹರಣೆ ಕೊಡುತ್ತೇವೆ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ ರಾತ್ರಿ 9ಕ್ಕೆ ಗೇಟ್ ಹಾಕುತ್ತಾರೆ. ಬುದ್ಧಿ ದಾಟಿ ಬರಲು ಗೇಟಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ 2000ರ ದಶಕದಲ್ಲೇ ಲಿನಕ್ಸ್‌ಗೆ ಹೊರಳಿತು. ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಉಬುಂಟು ಆಧರಿಸಿ ಶಾಲೆಗಳಿಗೆಂದೇ ಒಂದು ಆವೃತ್ತಿ ಮಾಡಿಕೊಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಪಠ್ಯ ಇಟ್ಟುಕೊಂಡು ಅದರಲ್ಲೇ ಕಲಿಯುತ್ತಾರೆ. ಕನ್ನಡ ಗೊತ್ತಿರುವ ಮಕ್ಕಳಿಗೆ ಲಿನಕ್ಸ್ ಕಷ್ಟ ಎಂದು ನಮಗೆ ಯಾರೂ ಹೇಳಬೇಡಿ. ಕನ್ನಡ ಟೈಪಿಂಗ್‌ಗೆ ಕೆ.ಜಿ.ಪಿ. ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನಲ್ಲಿದೆ.

ಆಟ ಆಡುತ್ತಲೇ ಕಂಪ್ಯೂಟರ್ ಕಲಿತವರು ಬಹಳ. ಆಟ ಯಾಕೆ ಓಡುತ್ತಿಲ್ಲ ಎಂದು ತಲೆ ಕೆಡಿಸಿಕೊಂಡ ಹುಡುಗಿಗೆ ಡ್ರೈವರ್ ಅಂದರೇನು, ಫೋಲ್ಡರ್ ಎಲ್ಲಿರುತ್ತದೆ ಎಂಬುದನ್ನು ಯಾರೂ ಬೇರೆ ಹೇಳಿಕೊಡಬೇಕಾಗುವುದಿಲ್ಲ. ಕಂಪ್ಯೂಟರೇ ಗುಜರಿಗೆ ಹೋದರೆ ಆಟವೂ ಇಲ್ಲ, ಪಾಠವೂ ಇಲ್ಲ.

ನಾವು ಕೇಳುವುದು

ಕಂಪ್ಯೂಟರ್ ಅಂಗಡಿಯವರೇ, ಹಳೇ ಯಂತ್ರ ಬಂದಾಗ "ಹೊಸದು ತಗೊಳ್ಳಿ" ಎನ್ನುವ ಮೊದಲು ಲಿನಕ್ಸ್ ಹಾಕಿ ತೋರಿಸಿ. ಹಾಕಿದ್ದಕ್ಕೆ, ಕಲಿಸಿದ್ದಕ್ಕೆ ಕೂಲಿ ತೆಗೆದುಕೊಳ್ಳಿ, ನಾವು ಕೊಡುತ್ತೇವೆ.

ಗ್ರಾಮ ಪಂಚಾಯಿತಿ ಸದಸ್ಯರೇ, ನಿಮ್ಮ ಅರಿವು ಕೇಂದ್ರದ ಕಂಪ್ಯೂಟರನ್ನು ಹಳೆಯದೆಂದು ಮೂಲೆಗೆ ಸರಿಸುವ ಮೊದಲು ಒಂದು ಪೆನ್‌ಡ್ರೈವ್ ಚುಚ್ಚಿ ನೋಡಿ. ಲಿನಕ್ಸ್ ಮಿಂಟ್ ಸುಮಾರು 3 ಜಿಬಿ, 4 ಜಿಬಿ ರ‍್ಯಾಮ್ ಇದ್ದರೆ ಸಾಕು. ಒಳಗಿರುವುದನ್ನು ಏನೂ ಅಳಿಸದೆ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಬಹುದು.

ಹುಡುಗ ಹುಡುಗಿಯರೇ, ಹೊಸ ಆಟಕ್ಕೆ ಕಾಸು ಕೊಡುವ ಮೊದಲು ಲಿನಕ್ಸ್‌ನಲ್ಲಿ ನಡೆಯುತ್ತದೆಯೇ ಎಂದು ಕೇಳಿ. ನಡೆಯದಿದ್ದರೆ ಕೊಳ್ಳಬೇಡಿ, ಯಾಕೆ ಕೊಳ್ಳಲಿಲ್ಲ ಎಂದು ಅವರ ಪುಟದಲ್ಲಿ ಬರೆಯಿರಿ. 2025ರ ಅಕ್ಟೋಬರ್‌ನಲ್ಲಿ ಸ್ಟೀಮ್ ಬಳಸುವವರಲ್ಲಿ ಲಿನಕ್ಸ್‌ನವರ ಪಾಲು ಮೊದಲ ಸಲ ನೂರಕ್ಕೆ 3 ದಾಟಿತು. ಮೂರು ಸಣ್ಣ ಸಂಖ್ಯೆ, ಹತ್ತಾದರೆ ಕಂಪನಿಗಳೇ ಬಾಗಿಲು ತೆಗೆಯುತ್ತವೆ. ಹತ್ತಾಗಲು ಜನ ಬೇಕು. ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ ನಿಮ್ಮ ಕಂಪ್ಯೂಟರನ್ನು ಈ ಭಾನುವಾರ ಹೊರಗೆ ತೆಗೆಯಿರಿ.