ಟೆರೇಸಿನ ಬೀಗದ ಕೈ ಕೊಡಿ, ಉಪಗ್ರಹ ಹಿಡಿಯುತ್ತೇವೆ

ಎಲೆಕ್ಟ್ರಾನಿಕ್ಸ್ ಓದುವ ನಮ್ಮಲ್ಲಿ ಎಷ್ಟು ಮಂದಿ ಮಿನಿ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುತ್ತೇವೆ ಎನ್ನುವುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಕಿಟ್, ಕೋಡ್, ರಿಪೋರ್ಟ್ ಎಲ್ಲವೂ ಅಂಗಡಿಯವರದೇ. ನಾವು ಹೆಸರು, ಯುಎಸ್‌ಎನ್ ಬದಲಿಸಿ ಬೈಂಡ್ ಮಾಡಿಸುತ್ತೇವೆ ಅಷ್ಟೇ. ಅದೇ ಗೆರೆ ಹಿಡಿದು ಓಡುವ ರೋಬೊ, ಅದೇ ಗಿಡಕ್ಕೆ ನೀರು ಹಾಕುವ ಯಂತ್ರ. ಅದಕ್ಕೆ ಸುರಿಯುವ ದುಡ್ಡಿನಲ್ಲಿ ಆಕಾಶದಲ್ಲಿರುವ ನಿಜವಾದ ಉಪಗ್ರಹವನ್ನೇ ಹಿಂಬಾಲಿಸಬಹುದು ಎಂದರೆ ಗೆಳೆಯರು ನಗುತ್ತಾರೆ.

ಎಸ್‌ಒ-50 ಎಂಬುದು 2002ರ ಡಿಸೆಂಬರ್ 20ರಂದು ಬೈಕನೂರಿನಿಂದ ಹಾರಿದ ಸೌದಿ ಅರೇಬಿಯಾದ ಪುಟ್ಟ ಉಪಗ್ರಹ. ಹ್ಯಾಮ್ ರೇಡಿಯೊದವರು 145.850 ಮೆಗಾಹರ್ಟ್ಸ್‌ನಲ್ಲಿ ಮಾತನಾಡಿದ್ದನ್ನು 436.795ರಲ್ಲಿ ನೆಲಕ್ಕೆ ಮರಳಿಸುತ್ತದೆ. ಅದು ಯಾವಾಗ ನಮ್ಮೂರ ಮೇಲೆ ಬರುತ್ತದೆಂದು ತಿಳಿಯಲು ಟಿಎಲ್‌ಇ ಸಾಕು: ಎರಡೇ ಸಾಲು, ಸಾಲಿಗೆ 69 ಅಕ್ಷರ, ಕಕ್ಷೆಯ ಇಡೀ ಜಾತಕ. ಸೆಲೆಸ್ಟ್ರ್ಯಾಕ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಜಿಪ್ರೆಡಿಕ್ಟ್ ತಂತ್ರಾಂಶಕ್ಕೆ ಕೊಟ್ಟರೆ ಯಾವ ದಿಕ್ಕು, ಎಷ್ಟು ಎತ್ತರ, ಎಷ್ಟು ಹೊತ್ತು ಎಲ್ಲ ಹೇಳುತ್ತದೆ. ಮೇಲಿನ ತೆಳುಗಾಳಿಯ ಎಳೆತಕ್ಕೆ ಕಕ್ಷೆ ಸ್ವಲ್ಪ ಸ್ವಲ್ಪ ಬದಲಾಗುವುದರಿಂದ ಹಳೇ ಟಿಎಲ್‌ಇ ನಂಬುವಂತಿಲ್ಲ.

ಉಳಿದದ್ದು ಒಂದು ಎಸ್‌ಡಿಆರ್ ಡಾಂಗಲ್, ಲ್ಯಾಪ್‌ಟಾಪ್, ಅಲ್ಯೂಮಿನಿಯಂ ಕಡ್ಡಿಗಳನ್ನು ಮರದ ಪಟ್ಟಿಗೆ ಸಿಕ್ಕಿಸಿ ಮಾಡಿದ ಯಾಗಿ ಆ್ಯಂಟೆನಾ. ಕಳೆದ ವರ್ಷ ನಾವು ಮೂವರು ಗೆಳೆಯನ ಮನೆಯ ತಾರಸಿಯಲ್ಲಿ ಇದನ್ನೇ ಹಿಡಿದು ನಿಂತಿದ್ದೆವು. ಹತ್ತು ಹನ್ನೆರಡು ನಿಮಿಷದ ಆಟ. ಉಪಗ್ರಹ ಹತ್ತಿರ ಬರುವಾಗ 436.805ರ ಆಸುಪಾಸಿನಲ್ಲಿ ಕೇಳಿಸಿದ ದನಿ, ದೂರ ಹೋಗುವಷ್ಟರಲ್ಲಿ 436.785ರ ಹತ್ತಿರಕ್ಕೆ ಇಳಿದಿತ್ತು. ಅದೇ ಡಾಪ್ಲರ್! ಪರೀಕ್ಷೆಯಲ್ಲಿ ಸೂತ್ರ ಬರೆದು ಅಂಕ ತೆಗೆದುಕೊಂಡಿದ್ದ ನಮಗೆ ಅದು ಪರದೆಯ ಮೇಲೆ ಗೆರೆಯಾಗಿ ಬಾಗುವುದನ್ನು ಕಂಡದ್ದು ಅಂದೇ ಮೊದಲು. ಮಣಿಕಟ್ಟು ತಿರುಗಿಸಿದರೆ ದನಿ ಏರುತ್ತಿತ್ತು, ಇನ್ನೊಂದು ಕಡೆ ತಿರುಗಿಸಿದರೆ ಕರಗುತ್ತಿತ್ತು. ಪೋಲರೈಸೇಶನ್ ಅಧ್ಯಾಯವನ್ನು ನಾನು ಆಮೇಲೆ ಮತ್ತೆ ಓದಿದೆ, ಯಾರೂ ಹೇಳದೆ.

ಇದೆಲ್ಲ ಇಸ್ರೊದವರ ಕೆಲಸ, ನಮಗ್ಯಾಕೆ ಎನ್ನುವವರಿದ್ದಾರೆ. 2005ರಲ್ಲಿ ಪಿಎಸ್‌ಎಲ್‌ವಿ-ಸಿ6 ಹೊತ್ತೊಯ್ದ 42.5 ಕೆ.ಜಿ. ತೂಕದ ಹ್ಯಾಮ್‌ಸ್ಯಾಟ್ ಇಸ್ರೊದ್ದೇ. ಆದರೆ ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ಮಾಡಿದ್ದು ನೆದರ್ಲೆಂಡ್ಸ್‌ನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ಎರಡು ವರ್ಷ ಬಾಳಲೆಂದು ಕಳಿಸಿದ್ದು 2014ರವರೆಗೆ ದುಡಿಯಿತು. 2010ರ ಜುಲೈ 12ರಂದು ಹಾರಿದ, ಒಂದು ಕೆ.ಜಿ.ಯೂ ತೂಗದ ಸ್ಟಡ್‌ಸ್ಯಾಟ್ ಅನ್ನು ಕಟ್ಟಿದವರು ಬೆಂಗಳೂರು, ಹೈದರಾಬಾದಿನ ಏಳು ಕಾಲೇಜುಗಳ ಹುಡುಗ ಹುಡುಗಿಯರು. ನೆಲಕೇಂದ್ರ ಇದ್ದದ್ದು ಯಲಹಂಕದಲ್ಲಿ.

‘ಇದರಿಂದ ಪ್ಲೇಸ್‌ಮೆಂಟ್ ಆಗುತ್ತಾ?’ ಎಂದು ಸೀನಿಯರ್ ಒಬ್ಬರು ಕೇಳಿದರು. ಆಗುತ್ತದೆಂದು ನಾನು ಹೇಳಲಾರೆ. ಸರ್ಟಿಫಿಕೇಟ್ ಅಂತೂ ಯಾರೂ ಕೊಡುವುದಿಲ್ಲ. ಆದರೆ ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ’ ಎಂದಾಗ ಕೊಂಡು ತಂದವನು ಎರಡನೇ ಪ್ರಶ್ನೆಗೇ ತಡವರಿಸುತ್ತಾನೆ. ಸಿಗ್ನಲ್ ತಪ್ಪಿಹೋಗಿ, ಮುಂದಿನ ಪಾಸ್‌ಗೆ ಒಂದೂವರೆ ಗಂಟೆ ಕಾದು ಕೂತವಳಿಗೆ ಮಾತು ಮುಗಿಯುವುದೇ ಇಲ್ಲ.

ನಾವಾಗಿ ಮಾತನಾಡಬೇಕೆಂದರೆ ಕೇಂದ್ರ ಸರ್ಕಾರದ ಹ್ಯಾಮ್ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. ಕಾಲೇಜುಗಳು ಅದಕ್ಕೊಂದು ತರಗತಿ ನಡೆಸಿದರೆ ಒಳ್ಳೆಯದೇ. ಸದ್ಯಕ್ಕೆ ನಮ್ಮದು ಇನ್ನೂ ಸಣ್ಣ ಬೇಡಿಕೆ. ಟೆರೇಸಿಗೆ ಬೀಗ ಹಾಕಿದ್ದಾರೆ, ‘ಸುರಕ್ಷತೆ’ ಎಂಬ ಉತ್ತರ ಸಿದ್ಧವಿದೆ. ಒಬ್ಬ ಲ್ಯಾಬ್ ಅಸಿಸ್ಟೆಂಟ್ ಜೊತೆಗಿರಲಿ, ವಾರಕ್ಕೆರಡು ಸಂಜೆ, ಹದಿನೈದು ನಿಮಿಷ. ಮುಂದಿನ ಸೆಮಿಸ್ಟರ್ ಶುರುವಾಗುವ ಮೊದಲೇ ಆ ಅರ್ಜಿಯನ್ನು ಕೊಡುತ್ತಿದ್ದೇವೆ.