ತಳಕಲ್ಲಿಗೆ ರ‍್ಯಾಂಕ್ ಎಲ್ಲಿಂದ ಬರಬೇಕು, ಸಚಿವರೇ?

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,

ಕುಷ್ಟಗಿಯಲ್ಲಿ ನನ್ನದು ಬೀಜ-ಗೊಬ್ಬರದ ಅಂಗಡಿ.

ಮೇ-ಜೂನ್ ಬಂತೆಂದರೆ ನನ್ನ ಅಂಗಡಿಗೆ ಎರಡು ಥರದ ಜನ ಬರುತ್ತಾರೆ. ಮುಗಿಲು ನೋಡಿಕೊಂಡು ಹೆಸರು, ಸಜ್ಜೆ ಬೀಜ ಕೇಳುವವರು ಕೆಲವರು. ಪಿಯುಸಿ ಮುಗಿಸಿದ ಮಗನನ್ನೋ ಮಗಳನ್ನೋ ಹಿಂದೆ ನಿಲ್ಲಿಸಿಕೊಂಡು "ಯಾವ ಕಾಲೇಜು ಚಲೋ ರೀ?" ಎನ್ನುವವರು ಇನ್ನು ಕೆಲವರು. ನಾನು ಬಿ.ಎ. ಓದಿದವನು ಎಂಬುದೊಂದೇ ಇದಕ್ಕೆ ಕಾರಣ. ಬೀಜದ ವಿಷಯಕ್ಕಾದರೆ ಧೈರ್ಯವಾಗಿ ಹೇಳುತ್ತೇನೆ. ಚೀಲಕ್ಕೆ ಹೊಲಿದ ಚೀಟಿಯಲ್ಲಿ ಮೊಳಕೆ ಪ್ರಮಾಣ ನೂರಕ್ಕೆ ಎಷ್ಟು, ಯಾವ ತಾರೀಖಿಗೆ ಪರೀಕ್ಷೆ ಮಾಡಿದ್ದು, ಎಲ್ಲಿಯವರೆಗೆ ಬಿತ್ತಬಹುದು ಎಂಬುದೆಲ್ಲ ಇರುತ್ತದೆ. 1966ರ ಬೀಜ ಕಾಯ್ದೆಯಿಂದ ಬಂದ ಚೀಟಿ ಅದು. ಅಕ್ಷರ ಬಾರದ ರೈತನೂ ಅದನ್ನು ಮಗನಿಂದ ಓದಿಸಿಕೊಂಡೇ ದುಡ್ಡು ಎಣಿಸುತ್ತಾನೆ.

ಕಾಲೇಜಿಗೆ ಅಂಥ ಚೀಟಿ ಇಲ್ಲ. ಇರುವುದು ರ‍್ಯಾಂಕ್.

ಅದನ್ನು ನಂಬಿ ನಾನೂ ಒಮ್ಮೆ ಕೆಟ್ಟೆ. ಹಿರಿಯ ಮಗನಿಗೆ ಬಿಸಿಎ ಸೇರಬೇಕೆಂಬ ಆಸೆ. ದೂರದ ಊರಿನ ಖಾಸಗಿ ಕಾಲೇಜೊಂದರ ಬಣ್ಣದ ಕರಪತ್ರ ಬಂತು. "ರಾಜ್ಯದಲ್ಲೇ ನಂ. 1" ಎಂದು ಅಂಗೈ ಅಗಲದ ಅಕ್ಷರ, ತುದಿಗೊಂದು ಸಣ್ಣ ನಕ್ಷತ್ರ. ಹಾಳೆಯ ತಳದಲ್ಲಿ ಅದೇ ನಕ್ಷತ್ರದ ಪಕ್ಕ, ಇರುವೆ ಸಾಲಿನಂಥ ಅಕ್ಷರದಲ್ಲಿ "ಖಾಸಗಿ ಸಮೀಕ್ಷೆಯೊಂದರ ಪ್ರಕಾರ" ಎಂದಿತ್ತು. ಅದನ್ನು ನಾನು ಓದಿದ್ದು ಡೊನೇಷನ್ ಕಟ್ಟಿ ಬಂದ ಮೇಲೆ. ಒಂದೇ ಸೆಮಿಸ್ಟರ್‌ನಲ್ಲಿ ಜಾವಾ ಹೇಳಿಕೊಡಲು ಮೂವರು ಬಂದು ಹೋದರಂತೆ. ಮಗ ಪಾಸಾದ, ಕೆಲಸಕ್ಕೂ ಹತ್ತಿದ. ಕಲಿತಿದ್ದೆಲ್ಲ ಯೂಟ್ಯೂಬ್‌ನಲ್ಲಿ ಎನ್ನುತ್ತಾನೆ. ಹಾಗಾದರೆ ಆ ಮೂರು ವರ್ಷದ ಫೀಸು ಯಾತಕ್ಕೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅದು ಖಾಸಗಿ ಸಮೀಕ್ಷೆಯ ಮಾತಾಯಿತು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿ ಇಷ್ಟು ಅಗ್ಗದ್ದಲ್ಲ, ಒಪ್ಪುತ್ತೇನೆ. 2016ರಿಂದ ವರ್ಷ ವರ್ಷ ಬರುತ್ತಿದೆ. ವಿಶ್ವವಿದ್ಯಾಲಯಗಳ ಸಾಲಿನಲ್ಲಿ ಬೆಂಗಳೂರಿನ ಐಐಎಸ್‌ಸಿ ಮೊದಲ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿದೆ. ಪಿಎಚ್‌.ಡಿ. ಮಾಡುವ ಹುಡುಗನಿಗೆ ಆ ಪಟ್ಟಿ ದಾರಿ ತೋರಿಸೀತು. ನಮ್ಮ ಹಳ್ಳಿಯ ಹುಡುಗಿ ಡಿಗ್ರಿಗೆ ಎಲ್ಲಿ ಸೇರಬೇಕು ಎಂದು ಕೇಳಿದರೆ ಮಾತ್ರ ಅದಕ್ಕೆ ಬಾಯಿಲ್ಲ. ಅಂಕ ಕೊಡುವ ಲೆಕ್ಕವನ್ನೇ ನೋಡಿ. ವಿಶ್ವವಿದ್ಯಾಲಯಕ್ಕೆ ನೂರರಲ್ಲಿ 30 ಸಂಶೋಧನೆಗೆ, 10 ಹೆಸರುವಾಸಿಗೆ. ಎಲ್ಲರನ್ನೂ ಒಳಗೊಳ್ಳುವುದಕ್ಕೆ ಇನ್ನೊಂದು 10. ಈ ಕೊನೆಯ ಹತ್ತರಲ್ಲೂ ಒಂದು ಪಾಲು ಹೊರರಾಜ್ಯ, ಹೊರದೇಶಗಳಿಂದ ಎಷ್ಟು ಮಕ್ಕಳು ಬಂದರು ಎಂಬುದಕ್ಕೆ ಹೋಗುತ್ತದೆ. ಹನುಮಸಾಗರ, ತಾವರಗೇರಾ, ಕನಕಗಿರಿಯ ಮಕ್ಕಳಿಂದಲೇ ತುಂಬಿದ ಕಾಲೇಜಿಗೆ ಆ ಪಾಲಿನಲ್ಲಿ ಸೊನ್ನೆ. ಊರ ಮಕ್ಕಳಿಗೆ ಓದು ಕೊಟ್ಟ ತಪ್ಪಿಗೆ!

ಇನ್ನು ನಮ್ಮ ಕೊಪ್ಪಳ ಜಿಲ್ಲೆಯ ತಳಕಲ್ಲಿನ ಕಥೆ. ನಾನು ಓದುವಾಗ ನಮಗೆ ವಿಶ್ವವಿದ್ಯಾಲಯ ಎಂದರೆ ಗುಲ್ಬರ್ಗಾ. ಒಂದು ಕಾಗದಕ್ಕೆ ಸಹಿ ಬೇಕಾದರೆ ಬುತ್ತಿ ಕಟ್ಟಿಕೊಂಡು ಹೋಗಬೇಕು. 2010ರಲ್ಲಿ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿವಿ ಬಂದ ಮೇಲೆ ದಾರಿ ಕಡಿಮೆಯಾಯಿತು. 2023ರ ಮಾರ್ಚ್‌ನಲ್ಲಿ ಇನ್ನಾರು ಜಿಲ್ಲೆಗಳ ಜೊತೆ ಕೊಪ್ಪಳಕ್ಕೂ ಸ್ವಂತ ವಿವಿ ಬಂತು. ಮೊದಲಿನ ಯಲಬುರ್ಗಾ ತಾಲ್ಲೂಕಿನ ತಳಕಲ್ಲಿನಲ್ಲಿ ಅದರ ಬಾಗಿಲು ತೆರೆಯಿತು. ಹೊಸ ಜಮೀನಿಲ್ಲ, ಹೊಸ ಹುದ್ದೆಗಳಿಲ್ಲ, ಹೆಸರು ಮಾತ್ರ ಹೊಸದು. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ನಿಮ್ಮ ಸಂಪುಟದ ಉಪಸಮಿತಿ ಈ ಏಳರಲ್ಲಿ ಬೀದರ್ ಒಂದನ್ನು ಬಿಟ್ಟು, ಬೇರೆ ಹೊಸ ವಿವಿಗಳನ್ನೂ ಸೇರಿಸಿ, ಒಟ್ಟು ಒಂಬತ್ತನ್ನು ಮುಚ್ಚುವ ಮಾತಾಡಿತು. ಎನ್‌ಐಆರ್‌ಎಫ್‌ ಪಟ್ಟಿಗೆ ಅರ್ಜಿ ಹಾಕಲಿಕ್ಕೇ ಮೂರು ಬ್ಯಾಚ್ ಪಾಸಾಗಿ ಹೊರಬಿದ್ದಿರಬೇಕು. ಮೊಳಕೆ ಒಡೆಯುವ ಮೊದಲೇ ಹೊಲ ಹರಗಿಬಿಟ್ಟರೆ ಇಳುವರಿ ಎಷ್ಟು ಎಂದು ಯಾರನ್ನು ಕೇಳುವುದು?

ರ‍್ಯಾಂಕ್ ಬರೀ ಪ್ರತಿಷ್ಠೆಯ ವಿಷಯವಾಗಿದ್ದರೆ ನಾನು ಇಷ್ಟು ದೊಡ್ಡ ಕಾಗದ ಬರೆಯುತ್ತಿರಲಿಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಡಮಾನ ಬೇಡ, ಜಾಮೀನು ಬೇಡ, ಓದಿಗೆ ಸಾಲ. ಒಳ್ಳೆಯದೇ. ಆದರೆ ಅದು ಸಿಗುವುದು ಎನ್‌ಐಆರ್‌ಎಫ್‌ನ ಮೊದಲ ನೂರರೊಳಗಿನ ಸಂಸ್ಥೆಗಳಿಗೆ, 101ರಿಂದ 200ರವರೆಗಿನ ರಾಜ್ಯ ಸರ್ಕಾರಿ ಸಂಸ್ಥೆಗಳಿಗೆ, ಕೇಂದ್ರದ ಸಂಸ್ಥೆಗಳಿಗೆ ಸೇರಿದ ಮಕ್ಕಳಿಗೆ. ಶುರುವಿನಲ್ಲಿ ಇಡೀ ದೇಶಕ್ಕೆ ಇಂಥ ಸಂಸ್ಥೆಗಳು 860. ತಳಕಲ್ಲಿನಲ್ಲಿ ಎಂ.ಎಸ್ಸಿ. ಓದುವ ಕುಷ್ಟಗಿ ಹುಡುಗಿ ಈ ಸಾಲ ಕೇಳುವಂತಿಲ್ಲ. ನೀರಾವರಿ ಇರುವ ಗಂಗಾವತಿಯ ಗದ್ದೆಯವರಿಗೆ ಭತ್ತದ ಮೇಲಾದರೂ ಸಾಲ ಹುಟ್ಟೀತು. ಮಳೆ ನಂಬಿದ ನಮ್ಮ ಎರೆ, ಮಸಾರಿ ಹೊಲಗಳನ್ನು ನೋಡಿ ದಲಾಲಿ ಅಂಗಡಿಯವನೂ ಮುಖ ತಿರುಗಿಸುತ್ತಾನೆ. ದೆಹಲಿಯವರ ಯೋಜನೆ, ನನ್ನದೇನು ಎನ್ನಬೇಡಿ. ರ‍್ಯಾಂಕಿನ ಹೊರಗಿರುವ ಸರ್ಕಾರಿ ಕಾಲೇಜುಗಳ ಮಕ್ಕಳಿಗೆ ರಾಜ್ಯವೇ ಜಾಮೀನು ನಿಲ್ಲಬಹುದಲ್ಲ? ಸಂವಿಧಾನದ 371(ಜೆ) ವಿಧಿ ನಮ್ಮ ಭಾಗದ ಮಕ್ಕಳಿಗೆ ಸೀಟು ಕೊಟ್ಟಿತು. ಸೀಟು ಸಿಕ್ಕ ಮೇಲಿನ ಖರ್ಚಿನ ಮಾತು ಅದರಲ್ಲಿಲ್ಲ.

ಎರಡನೆಯ ಕೋರಿಕೆ ಇನ್ನೂ ಅಗ್ಗದ್ದು. ಪ್ರತಿ ಡಿಗ್ರಿ ಕಾಲೇಜಿನ ಗೇಟಿಗೆ, ಬೀಜದ ಚೀಲಕ್ಕೆ ಇರುವಂಥದ್ದೇ ಒಂದು ಚೀಟಿ ಹಚ್ಚಿಸಿ. ಯಾವ ವಿಷಯಕ್ಕೆ ಕಾಯಂ ಉಪನ್ಯಾಸಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು. ಸೇರಿದವರಲ್ಲಿ ಮೂರನೇ ವರ್ಷ ಮುಟ್ಟಿದವರು ಎಷ್ಟು. ಕಳೆದ ಸೆಮಿಸ್ಟರ್ ಪರೀಕ್ಷೆ ಯಾವಾಗ ಮುಗಿಯಿತು, ಫಲಿತಾಂಶ ಯಾವಾಗ ಬಂತು. ಬಿಸಿಎಂ ಹಾಸ್ಟೆಲ್‌ನಲ್ಲಿ ಜಾಗ ಇದೆಯೋ ಇಲ್ಲವೋ. ಕೊನೆಯ ಬಸ್ಸು ಎಷ್ಟಕ್ಕೆ. ಈ ಕೊನೆಯ ಸಾಲು ಓದಿ ನೀವು ನಗಬಹುದು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಹಳ್ಳಿಯಿಂದ ಓಡಾಡಿ ಓದುವುದು ಎಷ್ಟೋ ಮನೆಗಳಲ್ಲಿ ಸಾಧ್ಯವಾಗಿದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲೂ ಬಂತು. ಅದರ ಹಳಿ ಕವಲೊಡೆಯುವುದು ಇದೇ ತಳಕಲ್ಲಿನಲ್ಲಿ. ರೈಲಿನ ವೇಳೆ ಕ್ಲಾಸಿನ ವೇಳೆಗೆ ಹೊಂದಿದರೆ ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡ ರ‍್ಯಾಂಕ್ ಬೇಡ.

ಅತಿಥಿ ಉಪನ್ಯಾಸಕರ ಲೆಕ್ಕ ಗೋಡೆಗೆ ಹಚ್ಚಿದರೆ ಸರ್ಕಾರಕ್ಕೆ ಮುಜುಗರ, ಬಲ್ಲೆ. ರಾಜ್ಯದ ಸರ್ಕಾರಿ ಡಿಗ್ರಿ ಕಾಲೇಜುಗಳು ನಡೆಯುತ್ತಿರುವುದೇ ಸಾವಿರಾರು ಅತಿಥಿಗಳ ಹೆಗಲ ಮೇಲೆ. 2023ರ ನವೆಂಬರ್‌ನಲ್ಲಿ ಅವರು ಮುಷ್ಕರಕ್ಕೆ ಕೂತಾಗ ಕ್ಲಾಸುಗಳು ಬಿಕೋ ಎಂದವು. ವರ್ಷಾನುಗಟ್ಟಲೆ ಮನೆಯಲ್ಲೇ ಇರುವವರನ್ನು ಅತಿಥಿ ಎಂದು ಕರೆಯುವುದು ನಮ್ಮ ಕಡೆಯ ಪದ್ಧತಿಯಲ್ಲ.

ಈ ವರ್ಷ ಮಗಳ ಸರದಿ. ವಿಜ್ಞಾನದಲ್ಲಿ ಪಿಯುಸಿ ಮುಗಿಸಿದ್ದಾಳೆ, ಬಿ.ಎಸ್ಸಿ. ಎನ್ನುತ್ತಾಳೆ. ಅಣ್ಣ ಫೋನಿನಲ್ಲಿ ಯಾವುದೋ ಪಟ್ಟಿ ತೆರೆದು ತೋರಿಸಿದರೆ ಅವಳು ನೋಡಲೇ ಇಲ್ಲ. "ಅಪ್ಪಾ, ಅದಿರ್ಲಿ, ಇಲ್ಲಿ ಫಿಸಿಕ್ಸ್‌ಗೆ ಕಾಯಂ ಸರ್ ಅದಾರೇನು ಕೇಳ್ಕೊಂಡು ಬಾ" ಎಂದಳು. ನಾಳೆ ಅಂಗಡಿ ತೆರೆಯುವ ಮೊದಲು ಕಾಲೇಜಿಗೆ ಹೋಗಿ ಬರುತ್ತೇನೆ. ಗೇಟಿನಲ್ಲಿ ಜವಾನನನ್ನೇ ಕೇಳಬೇಕು. ಅಂಥದ್ದೆಲ್ಲ ಅವನಿಗೇ ಗೊತ್ತಿರುತ್ತದೆ.

ಇಂತಿ,
ಕುಷ್ಟಗಿಯ ಒಬ್ಬ ತಂದೆ